ಕ್ವಿಲ್ಟಿಗೆ ಹೊಲಿದ ಕಟ್ಟುಕತೆ

ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಹಳೆಯ ಕ್ವಿಲ್ಟುಗಳ ಪ್ರತಿಕೃತಿಗಳನ್ನು ಹೊಲಿಯುವುದು ದೊಡ್ಡ ಹವ್ಯಾಸವಾಗಿ ಬೆಳೆದಿರುವುದು. ಕ್ವಿಲ್ಟೆಂಬುದು ಉತ್ತರ ಕರ್ನಾಟಕದ ಕೌದಿಗೆ ಸಮೀಪದ ಬಂಧುವು. ಕೌದಿಯಲ್ಲಿ ಹಳೆಯ ಸೀರೆ ಧೋತರಗಳೇ ಪದರ ಪದರವಾಗಿ ಕೂಡುವುವು. ಕ್ವಿಲ್ಟಿನಲ್ಲಾದರೋ ತುಂಡುಬಟ್ಟೆಗಳನ್ನು ಜೋಡಿಸಿದ ಮೇಲ್ಪದರಕ್ಕೂ ಕೆಳಪದರಕ್ಕೂ ನಡುವೆ ಸಾಮಾನ್ಯವಾಗಿ ಹತ್ತಿಯನ್ನು ಹಾಸುವರು. ಹಿಂದಿನವರ ಕೈಗೆಲಸವನ್ನು ಅನುಕರಿಸುವುದರಲ್ಲಿ ದೋಷವೇನೂ ಇಲ್ಲ. ಆದರೆ ಈ ಹವ್ಯಾಸದ ಬೆನ್ನು ಹತ್ತಿ ಬಂದ ಕಟ್ಟುಕತೆಯೊಂದು ಇತಿಹಾಸದ ವೇಷ ತೊಟ್ಟು ಪಾಠಶಾಲೆಗಳನ್ನೂ ಹೊಕ್ಕಿದೆ. ಅದನ್ನು ಹೊರದೂಡುವುದು ಈ ಕಲೆಯನ್ನು ಪ್ರೀತಿಸುವವರ ಮೊದಲ ಕರ್ತವ್ಯವು.

ಕತೆಯ ಸಾರವಿಷ್ಟೆ. ಗುಲಾಮಗಿರಿಯ ಕಾಲದಲ್ಲಿ ಕರಿಯರು ಕ್ವಿಲ್ಟುಗಳನ್ನು ಬೇಲಿಯ ಮೇಲೋ ಕಿಟಕಿಯಲ್ಲೋ ಹರವಿ, ಅವುಗಳ ವಿನ್ಯಾಸಗಳ ಮೂಲಕ ಉತ್ತರಕ್ಕೆ ಓಡಿಹೋಗುವವರಿಗೆ ಗುಪ್ತ ಸೂಚನೆಗಳನ್ನು ಕೊಡುತ್ತಿದ್ದರಂತೆ. ಗಾಡಿಯ ಗಾಲಿಯ ಚಿತ್ರವಿದ್ದರೆ ಗಂಟುಮೂಟೆ ಕಟ್ಟಬೇಕು, ಕರಡಿಯ ಹೆಜ್ಜೆಯಿದ್ದರೆ ಬೆಟ್ಟದ ಹಾದಿ ಹಿಡಿಯಬೇಕು, ಹೀಗೆ. ಜ್ಯಾಕ್ವೆಲೀನ್ ಟೋಬಿನ್ ಮತ್ತು ರೇಮಂಡ್ ಡೊಬಾರ್ಡ್ ಎಂಬವರು 1999ರಲ್ಲಿ ಪ್ರಕಟಿಸಿದ ಪುಸ್ತಕವೊಂದರಿಂದ ಇದು ಮನೆಮಾತಾಯಿತು. ಚಾರ್ಲ್ಸ್‌ಟನ್ ನಗರದ ಪೇಟೆಯಲ್ಲಿ ಕ್ವಿಲ್ಟು ಮಾರುತ್ತಿದ್ದ ಹೆಂಗಸೊಬ್ಬಳು ತನ್ನ ಮನೆತನದಲ್ಲಿ ಬಂದ ಮಾತೆಂದು ಹೇಳಿದುದೇ ಆ ಪುಸ್ತಕದ ಮುಖ್ಯ ಆಧಾರವು. ಅಲ್ಲಿಂದ ಮುಂದೆ ಆ ವಿನ್ಯಾಸಗಳನ್ನೆಲ್ಲ ಒಂದೇ ಹಾಸಿನಲ್ಲಿ ಕೂಡಿಸಿ, ಹಳೆಯ ಬಣ್ಣದ ಬಟ್ಟೆಯಲ್ಲಿ ಹೊಲಿದು, ಇದೇ ವಿಮೋಚನೆಯ ಕ್ವಿಲ್ಟೆಂದು ತೋರಿಸುವ ಪದ್ಧತಿ ಹುಟ್ಟಿತು.

ಯಾವುದರ ಪ್ರತಿಕೃತಿ ಅದು? ಮೂಲವೇ ಇಲ್ಲದುದಕ್ಕೆ ಪ್ರತಿಕೃತಿ ಎಲ್ಲಿಯದು? ಅಂತಹ ಸಂಕೇತದ ಕ್ವಿಲ್ಟು ಒಂದಾದರೂ ಉಳಿದು ಬಂದಿಲ್ಲ. 1936ರಿಂದ 1938ರವರೆಗೆ ಸರ್ಕಾರದವರು ಹಿಂದೆ ಗುಲಾಮರಾಗಿದ್ದ 2,300ಕ್ಕೂ ಹೆಚ್ಚು ವೃದ್ಧರ ಮಾತುಗಳನ್ನು ಬರೆಯಿಸಿಟ್ಟರು. ಕ್ವಿಲ್ಟು ಹೊಲಿಯುತ್ತಿದ್ದ ನೆನಪುಗಳು ಅವುಗಳಲ್ಲಿವೆ, ಸಂಕೇತದ ಸುದ್ದಿಯಿಲ್ಲ. ಫಿಲಡೆಲ್ಫಿಯದಲ್ಲಿ ಓಡಿಬಂದವರಿಗೆ ಆಶ್ರಯವಿತ್ತು, ನೂರಾರು ಮಂದಿಯ ವೃತ್ತಾಂತಗಳನ್ನು ಹೆಸರು ಸಹಿತ ಬರೆದಿಟ್ಟು 1872ರಲ್ಲಿ ಗ್ರಂಥವಾಗಿ ಪ್ರಕಟಿಸಿದ ವಿಲಿಯಂ ಸ್ಟಿಲ್ಲನಿಗೂ ಅದು ತಿಳಿಯದು. ವಿನ್ಯಾಸಗಳ ಹೆಸರುಗಳಲ್ಲಿ ಅನೇಕವು ಅಚ್ಚಿನಲ್ಲಿ ಕಾಣಿಸಿದುದೇ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ. ಗುಲಾಮಗಿರಿಯಾದರೋ 1865ರಲ್ಲಿಯೇ ಕಾನೂನಿನಿಂದ ರದ್ದಾಗಿತ್ತು. ಕ್ವಿಲ್ಟುಗಳ ಇತಿಹಾಸವನ್ನು ಬಲ್ಲ ಬಾರ್ಬರಾ ಬ್ರ್ಯಾಕ್‌ಮನ್ ಮೊದಲಾದವರು ಇದನ್ನೆಲ್ಲ ಮತ್ತೆ ಮತ್ತೆ ಹೇಳಿದ್ದಾರೆ. ಆದರೂ ನ್ಯೂಯಾರ್ಕಿನಲ್ಲಿ ಫ್ರೆಡರಿಕ್ ಡಗ್ಲಾಸನ ಸ್ಮಾರಕಕ್ಕೆ ಈ ಸಂಕೇತಗಳನ್ನೇ ಕಲ್ಲಿನಲ್ಲಿ ಅಳವಡಿಸಲು ಹೊರಟರು. 2007ರಲ್ಲಿ ಇತಿಹಾಸಜ್ಞರು ಆಕ್ಷೇಪಿಸಬೇಕಾಯಿತು. ಡಗ್ಲಾಸನು 1838ರಲ್ಲಿ ಪಾರಾದುದು ನಾವಿಕನ ಉಡುಪಿನಲ್ಲಿ, ಎರವಲು ಕಾಗದಪತ್ರವನ್ನು ಹಿಡಿದು, ರೈಲು ಮತ್ತು ಹಡಗುಗಳನ್ನೇರಿ! ಕ್ವಿಲ್ಟು ಅವನಿಗೆ ಯಾವ ದಾರಿಯನ್ನೂ ತೋರಿಸಲಿಲ್ಲ.

ಇದರಿಂದ ಕೆಟ್ಟುದೇನು, ಮಕ್ಕಳಿಗೆ ಗುಲಾಮಗಿರಿಯ ವಿಷಯವಾದರೂ ತಿಳಿಯಿತಲ್ಲವೆ, ಎಂದು ಕೆಲವರು ಸಮಾಧಾನ ಹೇಳುವರು. ಕೆಟ್ಟುದು ಬಹಳವಿದೆ. ನಾಯಿಗಳನ್ನು ಬಿಟ್ಟು ಬೇಟೆಯಾಡುತ್ತಿದ್ದ ನಾಡಿನಲ್ಲಿ ಪ್ರಾಣವನ್ನು ಪಣವಿಟ್ಟು ಓಡಿದವರ ಸಾಹಸವನ್ನು ಈ ಕತೆಯು ಮಕ್ಕಳಾಟದ ಒಗಟಾಗಿ ಮಾಡುವುದು. ಅದಕ್ಕಿಂತಲೂ ಹೆಚ್ಚಾಗಿ, ನಿಜವಾಗಿ ಸೂಜಿ ಹಿಡಿದವರ ಹೆಸರುಗಳನ್ನು ಮರೆಯಿಸುವುದು.

ಹ್ಯಾರಿಯೆಟ್ ಪವರ್ಸಳನ್ನೇ ನೋಡಿರಿ. ಜಾರ್ಜಿಯ ಸಂಸ್ಥಾನದಲ್ಲಿ 1837ರಲ್ಲಿ ಗುಲಾಮಳಾಗಿ ಹುಟ್ಟಿದವಳು. ಅವಳು ಬೈಬಲಿನ ಕತೆಗಳನ್ನು ಬಟ್ಟೆಯ ತುಂಡುಗಳಿಂದ ಹನ್ನೊಂದು ಚೌಕಗಳಲ್ಲಿ ಚಿತ್ರಿಸಿದ ಕ್ವಿಲ್ಟು 1886ರಲ್ಲಿ ಅಥೆನ್ಸ್ ಊರಿನ ಹತ್ತಿಯ ಜಾತ್ರೆಯಲ್ಲಿ ಪ್ರದರ್ಶಿತವಾಯಿತು. ಜೆನ್ನಿ ಸ್ಮಿತ್ ಎಂಬ ಚಿತ್ರಕಲಾವಿದೆ ಕೊಳ್ಳುವೆನೆಂದರೆ ಒಪ್ಪಲಿಲ್ಲ. ಕೆಲವು ವರ್ಷಗಳಲ್ಲಿ ಬಡತನ ಬಂದಿತು. ಎತ್ತಿನ ಗಾಡಿಯಲ್ಲಿ ಅದನ್ನು ಮಡಿಲಲ್ಲಿಟ್ಟುಕೊಂಡು ಬಂದು ಹತ್ತು ಡಾಲರು ಕೇಳಿದಳು, ಐದಕ್ಕೆ ಕೊಟ್ಟಳು. ಕೊಡುವ ಮೊದಲು ಒಂದೊಂದು ಚೌಕದ ಅರ್ಥವನ್ನೂ ಹೇಳಿದಳು, ಕೊಂಡವಳು ಬರೆದುಕೊಂಡಳು. ಆಮೇಲೆಯೂ ಮಗುವನ್ನು ನೋಡುವಂತೆ ಅದನ್ನು ನೋಡಲು ಹಲವು ಸಲ ಬಂದಳು. ಅವಳ ಇನ್ನೊಂದು ಕ್ವಿಲ್ಟಿನಲ್ಲಿ, ಅವಳು ಹುಟ್ಟುವುದಕ್ಕೂ ಮೊದಲು, 1833ರಲ್ಲಿ ಬಿದ್ದ ಉಲ್ಕಾಪಾತವೂ ಇದೆ. ಕ್ವಿಲ್ಟೂ ಇದೆ, ಅರ್ಥವೂ ಇದೆ, ಹೇಳಿದವಳ ಹೆಸರೂ ಇದೆ. ಇಷ್ಟಿರುವಾಗ ಹೆಸರಿಲ್ಲದ ಸಂಕೇತಕ್ಕೆ ಜನರು ಮುಗಿಬೀಳುವುದು ಎಂತಹ ವಿಪರ್ಯಾಸ!

ಪ್ರತಿಕೃತಿಯನ್ನು ಹೊಲಿಯುವವರಿಗೆ ಸತ್ಯದ ದಾರಿ ಕಠಿಣವಾದರೂ ರುಚಿಯಾದುದು. ಉಳಿದಿರುವ ಒಂದು ಹಾಸನ್ನು ಎದುರಿಗಿಟ್ಟು ಅಳೆಯಬೇಕು, ಹೊಲಿಗೆಗಳನ್ನು ಎಣಿಸಬೇಕು, ಬಣ್ಣವನ್ನು ಅರಿಯಬೇಕು. ಕಬ್ಬಿಣದ ಅಂಶ ಸೇರಿಸಿದ ಹಳೆಯ ಕಂದು ಬಣ್ಣವು ಬಟ್ಟೆಯನ್ನೇ ತಿಂದುಹಾಕುವುದರಿಂದ, ಅನೇಕ ಹಾಸುಗಳಲ್ಲಿ ಕಂದು ತುಂಡುಗಳು ಮಾತ್ರ ಜೀರ್ಣವಾಗಿ ಉದುರಿರುತ್ತವೆ. ಇದನ್ನು ಕಲಿತವರಿಗೆ ಒಂದು ಪುಸ್ತಕದಷ್ಟು ಇತಿಹಾಸ ತಿಳಿಯುವುದು. ಕೊನೆಗೆ ಮೂಲದ ಹೆಸರನ್ನೂ, ತಮ್ಮ ಹೆಸರನ್ನೂ, ಹೊಲಿದ ವರ್ಷವನ್ನೂ ಹಿಂಬದಿಯಲ್ಲಿ ಹೊಲಿಯಬೇಕು. ಇದಿಲ್ಲದ ಪ್ರತಿಕೃತಿಯು ಐವತ್ತು ವರ್ಷಗಳಲ್ಲಿ ಸುಳ್ಳು ಸಾಕ್ಷಿಯಾಗಿ ನಿಲ್ಲುವುದು.

ಹಳಿಯಾಳ, ಯಲ್ಲಾಪುರ, ಮುಂಡಗೋಡುಗಳ ಸೀಮೆಯಲ್ಲಿ ಆಫ್ರಿಕದಿಂದ ಬಂದವರ ಸಂತತಿಯಾದ ಸಿದ್ದಿಯರು ಹೊಲಿಯುವ ಕೌದಿಗಳನ್ನು ಈಗ ಹೊರನಾಡಿನವರೂ ಮೆಚ್ಚಿ ಕೊಳ್ಳುತ್ತಿದ್ದಾರೆ. ಮೂಲೆಗಳಲ್ಲಿ ಮಡಿಚಿ ಹೊಲಿಯುವ ತ್ರಿಕೋಣದ ಹೂವಿಲ್ಲದಿದ್ದರೆ ಕೌದಿ ಬೆತ್ತಲೆಯೆಂಬುದು ಅವರಲ್ಲಿಯ ಮಾತು. ಆ ಹೂವಿಗೂ ಯಾರಾದರೂ ಗುಪ್ತಾರ್ಥ ಕಟ್ಟುವ ಮೊದಲು, ಹೊಲಿದವಳನ್ನೇ ಕೇಳಿ, ಅವಳು ಹೇಳಿದುದನ್ನು ಅವಳ ಹೆಸರಿನೊಂದಿಗೆ ಬರೆದಿಡುವ ಕೆಲಸ ಜಿಲ್ಲೆಯ ವಿದ್ಯಾವಂತರದು.