ಆಮಿಷ ಯಾರಿಗೆ?

2021ರ ಡಿಸೆಂಬರ್‌ನಲ್ಲಿ ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿ ವಿಧಾನಸಭೆ ಮತಾಂತರ ತಡೆ ಮಸೂದೆಗೆ ಒಪ್ಪಿಗೆ ಕೊಟ್ಟಿತು. 2022ರಲ್ಲಿ ಅದು ಕಾಯ್ದೆಯಾಯ್ತು. 2023ರ ಜೂನ್‌ನಲ್ಲಿ ಹೊಸ ಸರ್ಕಾರದ ಸಂಪುಟ ರದ್ದು ಮಾಡೋಕೆ ತೀರ್ಮಾನಿಸಿದಾಗ ಎದ್ದ ಗದ್ದಲ ನಿಮಗೆ ನೆನಪಿರಬಹುದು. ಆ ಗದ್ದಲದಲ್ಲಿ ಕಾಯ್ದೆಯ ಒಂದು ಪದವನ್ನು ಯಾರೂ ಸರಿಯಾಗಿ ಓದಲಿಲ್ಲ: ಆಮಿಷ. ಉಡುಗೊರೆ, ನಗದು, ನೌಕರಿ, ಉಚಿತ ಶಿಕ್ಷಣ, ಒಳ್ಳೆಯ ಬದುಕಿನ ಭರವಸೆ ಎಲ್ಲವೂ ಅದರೊಳಗೆ ಬರುತ್ತವೆ. ಶಿಕ್ಷೆ 3ರಿಂದ 5 ವರ್ಷ. ಮತಾಂತರವಾದವರು ಮಹಿಳೆ, ಅಪ್ರಾಪ್ತರು ಅಥವಾ ಪರಿಶಿಷ್ಟ ಜಾತಿ-ಪಂಗಡದವರಾದರೆ 10 ವರ್ಷದವರೆಗೆ.

ಅಂದರೆ ದುಡ್ಡಿಗೆ ಆತ್ಮ ಮಾರಿಕೊಳ್ಳೋರು ಬಡವರು, ದಲಿತರು, ಹೆಣ್ಣುಮಕ್ಕಳು ಅಂತ ಕಾನೂನು ನಂಬಿದೆ. ಯಾರ ಮೇಲೆ ಈ ಅನುಮಾನವೋ ಆ ಕ್ರೈಸ್ತರ ಗ್ರಂಥ ನಂಬಿರೋದು ಇದಕ್ಕೆ ಪೂರ್ತಿ ಉಲ್ಟಾ. ಅಲ್ಲಿ ಹಣದ ಬಗ್ಗೆ ಎಚ್ಚರಿಕೆ ಹೆಚ್ಚಾಗಿ ಇದ್ದವರಿಗೇ.

ಲೂಕನ ಸುವಾರ್ತೆಯಲ್ಲಿ ಒಬ್ಬ ಸಾಹುಕಾರ ರೈತನ ಕಥೆ ಇದೆ. ಭರ್ಜರಿ ಬೆಳೆ ಬರುತ್ತೆ. ಕಣಜ ಸಾಲದೆ ಕೆಡವಿ ದೊಡ್ಡದು ಕಟ್ಟಿಸೋ ಲೆಕ್ಕ ಹಾಕ್ತಾನೆ. ಅದೇ ರಾತ್ರಿ ಅವನ ಜೀವ ಹೋಗುತ್ತೆ. ನನಗೆ ಕುತೂಹಲ ಏನಂದ್ರೆ, ಅವನು ಕದ್ದಿಲ್ಲ, ಯಾರಿಗೂ ಮೋಸ ಮಾಡಿಲ್ಲ. ಕಥೆಯುದ್ದಕ್ಕೂ ತನ್ನ ಜೊತೆ ತಾನೇ ಮಾತಾಡ್ತಾನೆ, ಅಷ್ಟೇ. ಅವನ ಲೆಕ್ಕದಲ್ಲಿ ಇನ್ನೊಬ್ಬ ಮನುಷ್ಯನೇ ಇಲ್ಲ. ಹಗೇವು ತುಂಬಿಸಿದ ಊರಿನ ಜನಕ್ಕೆ ಈ ಕಥೆ ಬಿಡಿಸಿ ಹೇಳಬೇಕಿಲ್ಲ. ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಚಕ್ಕಡಿ ಕಟ್ಟಿಕೊಂಡು ಬರೋರು ತಾವು ಉಣ್ಣೋ ಮೊದಲು ಪಡ್ಡಲಗಿ ತುಂಬಿಸ್ತಾರೆ. ಅದನ್ನ ಯಾರೂ ಆಮಿಷ ಅನ್ನಲ್ಲ, ಅನ್ನಲೂಬಾರದು.

ಹಾಗಂತ ಚರ್ಚಿನವರು ಸಾಚಾ ಅಂತಲ್ಲ. ಕಾಣಿಕೆ ಹಾಕಿದ್ರೆ ಕಾರು ಬರುತ್ತೆ ಅನ್ನೋ ಬೋಧಕರು ಯೂಟ್ಯೂಬ್ ತುಂಬಾ ಇದ್ದಾರೆ. ಪವಿತ್ರಾತ್ಮನ ಶಕ್ತಿಯನ್ನ ದುಡ್ಡು ಕೊಟ್ಟು ಕೊಳ್ಳೋಕೆ ಬಂದ ಸೀಮೋನನನ್ನ ಪೇತ್ರ ಬೈದು ಕಳಿಸಿದ ಕಥೆ ಅವರದೇ ಗ್ರಂಥದಲ್ಲಿದೆ. ಇತಿಹಾಸವೂ ಅಷ್ಟೇ. 1824ರಲ್ಲಿ ಧಾರವಾಡದ ಕಲೆಕ್ಟರ್ ಥ್ಯಾಕರೆ ಬಂದು ಸೀಲ್ ಹಾಕಿಸಿದ್ದು ಕಿತ್ತೂರಿನ ಖಜಾನೆಗೆ. ಭಾನುವಾರ ಬೈಬಲ್ ಕೇಳ್ತಿದ್ದ ಕಂಪನಿ ಸಾಹೇಬರ ಕಣ್ಣಿದ್ದದ್ದು ಸುಮಾರು 15 ಲಕ್ಷ ರೂಪಾಯಿ ಸಂಪತ್ತಿನ ಮೇಲೆ. ಅದರ ಬೆಲೆ ತೆತ್ತವಳು ಚೆನ್ನಮ್ಮ, 1829ರಲ್ಲಿ ಬೈಲಹೊಂಗಲದ ಸೆರೆಯಲ್ಲಿ.

ಈಗಿನ ಖಜಾನೆ ಅಂದ್ರೆ ಕಬ್ಬು. ಬೈಲಹೊಂಗಲ, ಕಿತ್ತೂರಿಂದ ಮಲಪ್ರಭೆಯ ನೀರು ಮುಟ್ಟೋ ರಾಮದುರ್ಗದವರೆಗೂ ಅದರದೇ ಲೆಕ್ಕ. ಜಿಲ್ಲೆಯ ಹಲವು ಕಾರ್ಖಾನೆಗಳ ಹಿಂದೆ ರಾಜಕಾರಣಿಗಳ ಕುಟುಂಬಗಳಿವೆ, ಪಕ್ಷಭೇದವಿಲ್ಲದೆ. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ 14 ದಿನದೊಳಗೆ ರೈತರಿಗೆ ದುಡ್ಡು ಕೊಡಬೇಕು, ತಡವಾದರೆ ವರ್ಷಕ್ಕೆ ಶೇ 15 ಬಡ್ಡಿ. ಎಂಜಿನಿಯರಿಂಗ್ ಓದಿದವನಿಗೂ ಅರ್ಥವಾಗೋಷ್ಟು ಸರಳ ಸೂತ್ರ. ಆದರೂ ಬಾಕಿಗಾಗಿ ರೈತರು ರಸ್ತೆಗೆ ಇಳಿಯೋದು ಇಲ್ಲಿ ಹೊಸದಲ್ಲ. ದರಕ್ಕೂ ಇದೇ ಪಾಡು: ಟನ್‌ಗೆ 3,300 ರೂಪಾಯಿ ಅನ್ನಿಸೋಕೆ 2025ರ ನವೆಂಬರ್‌ನಲ್ಲಿ ಮೂಡಲಗಿ ತಾಲ್ಲೂಕಿನ ಗುರ್ಲಾಪುರದಲ್ಲಿ ದಿನಗಟ್ಟಲೆ ಕೂರಬೇಕಾಯ್ತು.

ಯೇಸು ಮನೆಗೆ ಬಂದ ದಿನ ತೆರಿಗೆ ವಸೂಲಿಯ ಜಕ್ಕಾಯ ಅರ್ಧ ಆಸ್ತಿ ಬಡವರಿಗೆ, ಮೋಸ ಹೋದವರಿಗೆ ನಾಲ್ಕು ಪಟ್ಟು ಅಂದ. ಇಲ್ಲಿ ಕೇಳ್ತಿರೋದು ಬರೀ ಶೇ 15. ಆಮಿಷದ ದೂರು ಬಂದ್ರೆ ಪೊಲೀಸ್ ಜೀಪು ಪ್ರಾರ್ಥನಾ ಮನೆ ಮುಂದೆ ನಿಲ್ಲುತ್ತೆ. 15ನೇ ದಿನ ಕಾರ್ಖಾನೆ ಗೇಟಿನ ಮುಂದೆ ನಿಲ್ಲೋದು ರೈತರು ಮಾತ್ರ.