ಹಿತ್ತಿಲ ಮಣ್ಣು ಮತ್ತು ಒಂದು ವರ್ಷದ ತಾಳ್ಮೆ

ಬೇಸಗೆಯಲ್ಲಿ ಬಿರಿದ ನೆಲದ ಮೇಲೆ ಮೊದಲ ಮಳೆ ಬಿದ್ದಾಗ ಏಳುವ ಕಂಪಿಗೆ ಮನಸೋಲದ ಕವಿಯಿಲ್ಲ. ಆ ಕಂಪಿನ ಬಹುಪಾಲು ಮಣ್ಣಿನಲ್ಲಿ ನೆಲಸಿರುವ ಸ್ಟ್ರೆಪ್ಟೊಮೈಸಿಸ್ ಜಾತಿಯ ಬ್ಯಾಕ್ಟೀರಿಯಾಗಳದು. ಕವಿಗೆ ಕಂಪನ್ನಿತ್ತ ಈ ಕುಲವೇ ವೈದ್ಯನಿಗೆ ಮದ್ದನ್ನೂ ಇತ್ತಿದೆಯೆಂಬುದು ಸ್ವಾರಸ್ಯದ ಸಂಗತಿ.

1943ರಲ್ಲಿ ಅಮೆರಿಕದ ರಟ್ಗರ್ಸ್‌ನಲ್ಲಿ, ಸೆಲ್ಮನ್ ವಾಕ್ಸ್‌ಮನ್ ಅವರ ಪ್ರಯೋಗಶಾಲೆಯಲ್ಲಿ ದುಡಿಯುತ್ತಿದ್ದ ತರುಣ ಆಲ್ಬರ್ಟ್ ಶಾಟ್ಸ್, ಗೊಬ್ಬರ ಹಾಕಿದ ಹೊಲದ ಮಣ್ಣಿನಲ್ಲಿ ಸ್ಟ್ರೆಪ್ಟೊಮೈಸಿನ್ನಿನ ಮೂಲವನ್ನು ಕಂಡರು. ಕ್ಷಯಕ್ಕೆ ಅಂಜಿ ನಡುಗುತ್ತಿದ್ದ ಲೋಕಕ್ಕೆ ಅದು ಅಭಯವಾಯಿತು. ಅವರು ಹಿಡಿದ ದಾರಿ ಸರಳವಾದುದು. ಮಣ್ಣನ್ನು ನೀರಿನಲ್ಲಿ ಕದಡಿ, ತೆಳುಗೊಳಿಸಿ, ಪೋಷಕದ್ರವ್ಯವಿರುವ ತಟ್ಟೆಯ ಮೇಲೆ ಹರಡುವುದು; ಯಾವ ಜೀವಿಯ ಸುತ್ತ ರೋಗಾಣು ಬೆಳೆಯಲಾರದೆ ಬಯಲಾಗುವುದೋ ಆ ಜೀವಿಯನ್ನು ಹಿಡಿಯುವುದು. ಆ ಬಳಿಕ ದೇಶದೇಶಗಳ ಮಣ್ಣು ಪ್ರಯೋಗಶಾಲೆಗಳಿಗೆ ಹರಿದುಬಂದಿತು. ಫಿಲಿಪ್ಪೀನ್ಸಿನ ಮಣ್ಣು ಎರಿತ್ರೊಮೈಸಿನ್ನನ್ನೂ, ಬೋರ್ನಿಯೋದ ಮಣ್ಣು ವ್ಯಾಂಕೊಮೈಸಿನ್ನನ್ನೂ ಕೊಟ್ಟವು. ಆದರೆ ಕೆಲವು ದಶಕಗಳಲ್ಲಿ ಕಂಡದ್ದನ್ನೇ ಮತ್ತೆ ಮತ್ತೆ ಕಾಣುವಂತಾಯಿತು. ಗಣಿ ಬರಿದಾಯಿತೆಂದು ಔಷಧ ಕಂಪನಿಗಳು ಕೈಚೆಲ್ಲಿದವು.

ಗಣಿ ನಿಜವಾಗಿ ಬರಿದಾಗಿತ್ತೆ? ಮಣ್ಣಿನ ಬ್ಯಾಕ್ಟೀರಿಯಾಗಳಲ್ಲಿ ಬಹುಪಾಲು ಪ್ರಯೋಗಶಾಲೆಯ ಊಟಕ್ಕೆ ಒಗ್ಗುವುದಿಲ್ಲ. ಅವಸರದಲ್ಲಿ ಬೆಳೆಯುವ ಕೆಲವು ತಟ್ಟೆಯನ್ನೆಲ್ಲ ಆಕ್ರಮಿಸುತ್ತವೆ. ಮೆಲ್ಲನೆ ಬೆಳೆಯುವವು ಕಣ್ಣಿಗೆ ಬೀಳುವ ಮುನ್ನವೇ ತಟ್ಟೆ ಕಸದ ಬುಟ್ಟಿ ಸೇರುತ್ತದೆ. 2025ರಲ್ಲಿ ಕೆನಡಾದ ಹ್ಯಾಮಿಲ್ಟನ್ನಿನ ಮೆಕ್‌ಮಾಸ್ಟರ್ ವಿಶ್ವವಿದ್ಯಾನಿಲಯದಿಂದ ಬಂದ ವಾರ್ತೆ ಈ ದೃಷ್ಟಿಯಿಂದ ಮನನೀಯವಾಗಿದೆ. ಗೆರಾರ್ಡ್ ರೈಟ್ ಅವರ ತಂಡ ಮನೆಯೊಂದರ ಹಿತ್ತಿಲಿನ ಮಣ್ಣನ್ನು ತಂದು, ಅದರ ಜೀವಿಗಳನ್ನು ಸುಮಾರು ಒಂದು ವರ್ಷ ಬೆಳೆಯಬಿಟ್ಟಿತು. ನಿಧಾನಿಗಳ ಸರದಿ ಬಂದಾಗ ಪೇನಿಬ್ಯಾಸಿಲಸ್ ಎಂಬ ಕುಲದ ಬ್ಯಾಕ್ಟೀರಿಯಾವೊಂದು ಲೇರಿಯೊಸಿಡಿನ್ ಎಂಬ ಹೊಸ ವಸ್ತುವನ್ನು ಕೊಟ್ಟಿತು. ಕುಣಿಕೆಯಂತೆ ಹೆಣೆದುಕೊಂಡ ಈ ಅಣು, ರೋಗಾಣುವಿನೊಳಗೆ ಪ್ರೋಟೀನು ತಯಾರಾಗುವ ರೈಬೊಸೋಮಿನಲ್ಲಿ, ಹಿಂದಿನ ಔಷಧಗಳು ಮುಟ್ಟದ ತಾಣದಲ್ಲಿ ಅಂಟಿಕೊಳ್ಳುತ್ತದೆ. ತಾಳಿದವನು ಬಾಳಿಯಾನು ಎಂಬ ನಮ್ಮ ಗಾದೆಗೆ ಪ್ರಯೋಗಶಾಲೆಯಲ್ಲೂ ಸಾಕ್ಷಿ ದೊರೆಯಿತು.

ಆದರೆ ಇಷ್ಟಕ್ಕೇ ಹಿಗ್ಗುವಂತಿಲ್ಲ. ಲೇರಿಯೊಸಿಡಿನ್ ಇಲಿಗಳಲ್ಲಿ ಗುಣ ತೋರಿದೆ. ಇಲಿಯಿಂದ ಮನುಷ್ಯನವರೆಗಿನ ಹಾದಿ ದೀರ್ಘವಾದುದು, ದುಬಾರಿಯಾದುದು. ಹಾದಿ ಮುಗಿಸಿದವರಿಗೂ ಸುಖವಿಲ್ಲ. ಅಕಾಒಜೆನ್ ಎಂಬ ಅಮೆರಿಕದ ಕಂಪನಿಯ ಪ್ಲಾಜೊಮೈಸಿನ್ 2018ರಲ್ಲಿ ಸರ್ಕಾರದ ಅನುಮತಿ ಪಡೆಯಿತು. ವರ್ಷ ತುಂಬುವುದರೊಳಗೆ ಕಂಪನಿಯೇ ದಿವಾಳಿಯೆದ್ದಿತು. ಹೊಸ ಮದ್ದನ್ನು ಮಿತವಾಗಿ ಬಳಸಬೇಕೆಂಬುದು ವೈದ್ಯನ ವಿವೇಕ. ಮಿತವಾಗಿ ಮಾರುವ ಸರಕಿನಿಂದ ಲಾಭವಿಲ್ಲವೆಂಬುದು ವ್ಯಾಪಾರದ ಲೆಕ್ಕ. ಇವೆರಡಕ್ಕೂ ಹೊಂದಿಕೆಯಾಗುವಂತೆ ಸರ್ಕಾರಗಳು ಕೈನೀಡದಿದ್ದರೆ ಶೋಧ ಪತ್ರಿಕೆಯ ಪುಟದಲ್ಲೇ ಉಳಿದೀತು.

ಇನ್ನೂ ಒಂದು ಮಾತುಂಟು. ಮಣ್ಣು ಮದ್ದಿನ ತವರಾದಂತೆ ಮದ್ದಿಗೆ ಮಣಿಯದ ಶಕ್ತಿಯ ತವರೂ ಹೌದು. ಮೂವತ್ತು ಸಾವಿರ ವರ್ಷಗಳ ಹಿಂದಿನ ಹೆಪ್ಪುಗಟ್ಟಿದ ನೆಲದಲ್ಲಿಯೂ ಆ ಶಕ್ತಿಯ ಜೀನುಗಳಿದ್ದುವೆಂದು 2011ರಲ್ಲಿ ರೈಟ್ ಮತ್ತು ಅವರ ಸಂಗಡಿಗರೇ ತೋರಿಸಿದರು. ಹಳೆಯ ಈ ಶಕ್ತಿಯನ್ನು ರೋಗಾಣುಗಳಲ್ಲಿ ಕೊಬ್ಬಿಸಿದ್ದು ಮಾತ್ರ ಮನುಷ್ಯನ ದುಂದು. 2019ರಲ್ಲಿ ಜಗತ್ತಿನಲ್ಲಿ ಸುಮಾರು 12,70,000 ಮಂದಿ ಮದ್ದಿಗೆ ಮಣಿಯದ ಬ್ಯಾಕ್ಟೀರಿಯಾಗಳಿಂದಲೇ ಸತ್ತರೆಂದು ತಜ್ಞರು ಅಂದಾಜು ಮಾಡಿದ್ದಾರೆ. ನೆಗಡಿಗೂ ಅಂಗಡಿಯಿಂದ ಮಾತ್ರೆ ತಂದು ನುಂಗುವ, ಜ್ವರ ಇಳಿಯಿತೆಂದು ವೈದ್ಯರು ಹೇಳಿದ ಅವಧಿಗೆ ಮೊದಲೇ ನಿಲ್ಲಿಸುವ ನಮ್ಮ ಚಾಳಿಗೂ ಇದರಲ್ಲಿ ಪಾಲಿದೆ.

ಮಣ್ಣು ಇನ್ನೂ ಕೊಡುತ್ತಿದೆ. ಹುಡುಕುವವರು ಒಂದು ವರ್ಷ ಕಾದು ಪಡೆದುದನ್ನು ಬಳಸುವವರು ಒಂದು ವಾರದ ಅವಸರದಲ್ಲಿ ಕಳೆಯಬಾರದು.