ಅಗ್ಗದ ಗಣಕ: ಮೊದಲ ಬೆಲೆಯೇ ಪೂರ್ಣ ಬೆಲೆಯಲ್ಲ

2025ರ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್ ಸಂಸ್ಥೆಯು ವಿಂಡೋಸ್ 10ಕ್ಕೆ ನೀಡುತ್ತಿದ್ದ ಸಾಮಾನ್ಯ ಬೆಂಬಲವನ್ನು ನಿಲ್ಲಿಸಿತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಭದ್ರತಾ ವ್ಯವಸ್ಥೆ ಬೇಕು. ಇಂಟೆಲ್ ಪ್ರೊಸೆಸರ್ ಆದರೆ ಬಹುಮಟ್ಟಿಗೆ ಎಂಟನೆಯ ಪೀಳಿಗೆಯದೋ ನಂತರದ್ದೋ ಆಗಿರಬೇಕು. ಹೀಗಾಗಿ ಕೆಟ್ಟಿರದ ಎಷ್ಟೋ ಗಣಕಗಳು ಇದ್ದಕ್ಕಿದ್ದಂತೆ ಹಳತಾದವು. ಮಧ್ಯಮ ವರ್ಗದ ಮನೆಗಳು ಈಗ ಎದುರಿಸುತ್ತಿರುವ ಪ್ರಶ್ನೆ, ಮಿತವ್ಯಯದಲ್ಲಿ ಹೊಸ ಡೆಸ್ಕ್‌ಟಾಪ್ ಜೋಡಿಸಿಕೊಳ್ಳುವುದು ಹೇಗೆ ಎಂಬುದು.

ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗೆ ಹೋದವರು ಸಾಮಾನ್ಯವಾಗಿ ಮೊದಲು ವಿಚಾರಿಸುವುದು ಪ್ರೊಸೆಸರ್‌ನ ಬೆಲೆಯನ್ನು. ಇದು ಸಹಜವಾದರೂ ಸರಿಯಾದ ಆರಂಭವಲ್ಲ. ಪ್ರೊಸೆಸರ್, ಮದರ್‌ಬೋರ್ಡ್ ಮತ್ತು ಮೆಮೊರಿ ಅರ್ಥಶಾಸ್ತ್ರದ ಭಾಷೆಯಲ್ಲಿ ಪೂರಕ ಸರಕುಗಳು. ಒಂದಿಲ್ಲದೆ ಇನ್ನೊಂದಕ್ಕೆ ಉಪಯೋಗವಿಲ್ಲ. ಒಂದನ್ನು ಆರಿಸಿದೊಡನೆ ಉಳಿದೆರಡರ ಆಯ್ಕೆಯೂ ಸೀಮಿತಗೊಳ್ಳುತ್ತದೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುತ್ತಾರೆ. ಇಲ್ಲಿ ಹಾಸಿಗೆಯೆಂದರೆ ಮದರ್‌ಬೋರ್ಡ್.

ಹಿಂದಿನ ಅನುಭವ ಇದನ್ನು ಸ್ಪಷ್ಟಪಡಿಸುತ್ತದೆ. 2017ರಲ್ಲಿ ಇಂಟೆಲ್ ತನ್ನ ಎಂಟನೆಯ ಪೀಳಿಗೆಯ ಡೆಸ್ಕ್‌ಟಾಪ್ ಪ್ರೊಸೆಸರ್‌ಗಳನ್ನು ತಂದಾಗ ಸಾಕೆಟ್‌ನ ಪಿನ್‌ಗಳ ಸಂಖ್ಯೆ 1151 ಆಗಿಯೇ ಇತ್ತು. ಆದರೂ ಹಿಂದಿನ ಮದರ್‌ಬೋರ್ಡ್‌ಗಳು ಅವನ್ನು ಸ್ವೀಕರಿಸಲಿಲ್ಲ. ಅದೇ ವರ್ಷ ಎಎಂ4 ಸಾಕೆಟ್‌ನೊಂದಿಗೆ ಎಎಂಡಿಯ ಮೊದಲ ರೈಜನ್ ಕೊಂಡವರ ಪಾಡು ಬೇರೆಯಾಯಿತು. 2022ರಲ್ಲಿ ಬಂದ ಬಯೋಸ್ ಪರಿಷ್ಕರಣೆಗಳಿಂದಾಗಿ ಅವರಲ್ಲಿ ಅನೇಕರು ಅದೇ ಬೋರ್ಡಿನಲ್ಲಿ ರೈಜನ್ 5000 ಸರಣಿಯ ಪ್ರೊಸೆಸರ್ ಕೂರಿಸಲು ಸಾಧ್ಯವಾಯಿತು. ಕೊಂಡ ದಿನದ ರಸೀದಿಯಲ್ಲಿ ಈ ವ್ಯತ್ಯಾಸ ಕಾಣುವಂಥದ್ದಲ್ಲ.

ಹಾಗಾದರೆ ಹೊಸ ಪ್ಲಾಟ್‌ಫಾರ್ಮ್ ಕೊಳ್ಳುವುದೇ ಜಾಣತನವೇ? 2022ರಲ್ಲಿ ಬಂದ ಎಎಂ5ಕ್ಕೆ ಕನಿಷ್ಠ 2027ರವರೆಗೆ ಬೆಂಬಲವಿರುವುದೆಂದು ಎಎಂಡಿ ಘೋಷಿಸಿದೆ. ಆದರೆ ಅದು ಡಿಡಿಆರ್5 ಮೆಮೊರಿಯನ್ನು ಮಾತ್ರ ಒಪ್ಪುತ್ತದೆ. 2024ರಲ್ಲಿ ಬಂದ ಇಂಟೆಲ್‌ನ ಎಲ್‌ಜಿಎ 1851 ಕೂಡ ಅಷ್ಟೇ. 2025ರ ಕೊನೆಯ ತಿಂಗಳುಗಳಲ್ಲಿ ಕೃತಕ ಬುದ್ಧಿಮತ್ತೆಯ ದತ್ತಾಂಶ ಕೇಂದ್ರಗಳ ಬೇಡಿಕೆಯಿಂದಾಗಿ ಮೆಮೊರಿ ಬೆಲೆ ತೀವ್ರವಾಗಿ ಏರಿತು. ಆ ಡಿಸೆಂಬರ್‌ನಲ್ಲಿ ಮೈಕ್ರಾನ್ ಸಂಸ್ಥೆಯು ಕ್ರೂಷಿಯಲ್ ಹೆಸರಿನ ಗ್ರಾಹಕ ವಹಿವಾಟಿನಿಂದ ಹಿಂದೆ ಸರಿಯುವುದಾಗಿ ಪ್ರಕಟಿಸಿತು. ಎಲ್ಲಿಯೋ ನಡೆಯುವ ಬಂಡವಾಳ ಹೂಡಿಕೆಯ ಹೊರೆ ಇಲ್ಲಿನ ವಿದ್ಯಾರ್ಥಿಯ ಗಣಕದ ಮೇಲೆ ಬೀಳುವುದು ಹೀಗೆ.

ಡಿಡಿಆರ್4 ಕೂಡ ಈ ಏರಿಕೆಯಿಂದ ಹೊರತಾಗಲಿಲ್ಲ. ಆದರೆ ಹಳೆಯ ಗಣಕದಲ್ಲಿ ಡಿಡಿಆರ್4 ಇದ್ದವರಿಗೆ ಅದು ಮನೆಯಲ್ಲೇ ಇರುವ ಆಸ್ತಿ. ಅಂಥವರು ಎಎಂ4 ಬೋರ್ಡನ್ನೋ, ಡಿಡಿಆರ್4 ಒಪ್ಪುವ ಎಲ್‌ಜಿಎ 1700 ಬೋರ್ಡನ್ನೋ ಕೊಂಡರೆ ಮೆಮೊರಿಯ ಖರ್ಚು ಉಳಿಯುತ್ತದೆ. ಪತ್ರ ವ್ಯವಹಾರ, ಆನ್‌ಲೈನ್ ಪಾಠ, ಪ್ರೋಗ್ರಾಮಿಂಗ್ ಕಲಿಕೆಗಳಿಗೆ ರೈಜನ್ 5 5600ಜಿ ಅಥವಾ ಕೋರ್ ಐ3-12100 ಸಾಕು. ಎರಡರಲ್ಲೂ ಗ್ರಾಫಿಕ್ಸ್ ಅಂತರ್ಗತವಾಗಿದೆ. ತುಸು ಅಗ್ಗವೆಂದು 12100ಎಫ್ ಕೊಂಡವರು ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡಿಗೆ ಹಣ ತೆರಬೇಕಾಗುತ್ತದೆ. ಎಲ್ಲವನ್ನೂ ಹೊಸದಾಗಿಯೇ ಕೊಳ್ಳಬೇಕಾದವರು, ನಾಲ್ಕೈದು ವರ್ಷಗಳಲ್ಲಿ ಪ್ರೊಸೆಸರ್ ಬದಲಿಸುವ ಉದ್ದೇಶವಿದ್ದರೆ ಮಾತ್ರ, ಎಎಂ5ಕ್ಕೆ ಹೆಚ್ಚುವರಿ ಹಣ ತೆರುವುದರಲ್ಲಿ ಅರ್ಥವಿದೆ.

ಸರ್ಕಾರಿ ಖರೀದಿಗೂ ಇದೇ ಮಾತು ಅನ್ವಯಿಸುತ್ತದೆ. ಸೇವೆಯಲ್ಲಿದ್ದಾಗ ನಾನು ಸದಸ್ಯನಾಗಿದ್ದ ಖರೀದಿ ಸಮಿತಿಯೊಂದು ಗಣಕಗಳಿಗಾಗಿ ಕನಿಷ್ಠ ದರದ ಟೆಂಡರನ್ನು ಒಪ್ಪಿತು. ಕೆಲವು ವರ್ಷಗಳ ನಂತರ ಮೆಮೊರಿ ಹೆಚ್ಚಿಸಲು ಹೊರಟಾಗ ಬೋರ್ಡಿನಲ್ಲಿ ಖಾಲಿ ಸ್ಲಾಟ್ ಇರಲಿಲ್ಲ. ನಿಯಮ ಪಾಲನೆಯಾಗಿತ್ತು, ಲೆಕ್ಕ ಪರಿಶೋಧಕರ ಆಕ್ಷೇಪವೂ ಬರಲಿಲ್ಲ. ನಷ್ಟ ಮಾತ್ರ ಆಗಿತ್ತು. ಆ ಕಡತಕ್ಕೆ ನಾನೂ ಸಹಿ ಹಾಕಿದ್ದೆ. ಶಾಲೆ-ಕಚೇರಿಗಳ ಟೆಂಡರ್‌ಗಳಲ್ಲಿ ಖಾಲಿ ಮೆಮೊರಿ ಸ್ಲಾಟ್, ಬಯೋಸ್ ಬೆಂಬಲದ ಅವಧಿ, ಮುಂದಿನ ಪ್ರೊಸೆಸರ್‌ಗೆ ಅವಕಾಶ ಇವು ಕಡ್ಡಾಯ ಷರತ್ತುಗಳಾದರೆ ಇಂಥ ನಷ್ಟ ತಪ್ಪೀತು.

ಮನೆಯಾಗಲಿ, ಇಲಾಖೆಯಾಗಲಿ, ಕೇಳಿಕೊಳ್ಳಬೇಕಾದುದು ಇಂದು ಎಷ್ಟು ಉಳಿಯಿತು ಎಂದಲ್ಲ, ಈ ಯಂತ್ರ ಎಷ್ಟು ವರ್ಷ ದುಡಿಯಬಲ್ಲದು ಎಂದು. ಬೆಲೆಯನ್ನು ಆ ವರ್ಷಗಳಿಂದ ಭಾಗಿಸಿದಾಗಲಷ್ಟೇ ಅಗ್ಗ ಯಾವುದು, ದುಬಾರಿ ಯಾವುದು ಎಂಬುದು ತಿಳಿಯುತ್ತದೆ.